ಗುಡ್ಡದ ಪುಸ್ತಕಗಳ ಹುಚ್ಚು: ಶಹಾಪುರದ ತಂಗಿಗೊಂದು ಪತ್ರ

ಕಲಬುರಗಿ
ಮೇ ತಿಂಗಳು

ಪ್ರೀತಿಯ ತಂಗಿ,

ನಿನ್ನ ಪತ್ರ ಬಂತು. ಜೊತೆಗಿದ್ದ ನಿನ್ನ ಕಾದಂಬರಿಯ ಮೂರು ಅಧ್ಯಾಯಗಳನ್ನೂ ಓದಿದೆ. ಬೆಟ್ಟದ ಕಾದಂಬರಿಗಳು, ಚಾರಣದ ಕೈಪಿಡಿಗಳು ಸಿಕ್ಕರೆ ಊಟ ಬಿಟ್ಟು ಓದ್ತೀಯಂತೆ. "ಎಂದೂ ಹತ್ತದ ಗುಡ್ಡದ ದಾರಿ ಓದಿ ಏನು ಮಾಡ್ತಿ" ಅಂತ ಮನೆಯಲ್ಲಿ ಬೈಯ್ತಾರಂತೆ. ಬೈಯ್ಲಿ ಬಿಡು. ಈ ಬಿಸಿಲಲ್ಲಿ ಕೂಲರ್ ಮುಂದೆ ಕೂತು ರಕ್ತ ಹೀರುವ ಇಂಬಳದ ಕಾಟದ ಬಗ್ಗೆ ಓದುವ ಸುಖ ಅವರಿಗೆ ಗೊತ್ತಿಲ್ಲ. ನಮ್ಮ ಕಡೆ ವರ್ಷಕ್ಕೆ ಎಂಟುನೂರು ಮಿಲಿಮೀಟರ್ ಮಳೆ ಬಿದ್ದರೆ ತೊಗರಿ ಬದುಕಿತು ಅಂತೀವಿ. ಆಗುಂಬೆಯಲ್ಲಿ ಏಳು ಸಾವಿರಕ್ಕೂ ಜಾಸ್ತಿ. ಅಂಥ ಊರಿನ ಪುಸ್ತಕ ನಮ್ಮಂಥವರನ್ನು ಎಳೆಯದೆ ಇನ್ಯಾರನ್ನು ಎಳೀಬೇಕು?

ಅದಕ್ಕೆ ಓದನ್ನು ಕಡಿಮೆ ಮಾಡು ಅಂತ ನಾನು ಹೇಳೋದಿಲ್ಲ. ಓದುವ ರೀತಿ ಮಾತ್ರ ಸ್ವಲ್ಪ ಬದಲಾಗಬೇಕು. ನೀನು ಕಾದಂಬರಿಯನ್ನು ಕತೆಗೆ ಓದ್ತೀಯ, ಕೈಪಿಡಿಯನ್ನು ಕನಸಿಗೆ ಓದ್ತೀಯ. ಎರಡನ್ನೂ ನೆಲಕ್ಕಾಗಿ ಓದು. ಬೆಟ್ಟದ ಬರಹದಲ್ಲಿ ಮನುಷ್ಯರ ಇಷ್ಟ ಅರ್ಧ ಮಾತ್ರ ನಡೆಯುತ್ತದೆ. ಮಿಕ್ಕ ಅರ್ಧವನ್ನು ಏರು, ಇಳಿಜಾರು, ಹೊಳೆ, ಕತ್ತಲು ತೀರ್ಮಾನ ಮಾಡುತ್ತವೆ. ಅದು ಗೊತ್ತಿರುವ ಪುಸ್ತಕ ಹಿಡಿದು ಕೂರಿಸುತ್ತದೆ. ಗೊತ್ತಿಲ್ಲದ ಪುಸ್ತಕದಲ್ಲಿ ಬೆಟ್ಟ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಚಿತ್ರ, ಅಷ್ಟೆ.

ಕಾರಂತರ 'ಬೆಟ್ಟದ ಜೀವ' ನಿನಗೆ ಬಾಯಿಪಾಠ ಅಂತ ಬರೆದಿದ್ದೀಯ. 1943ರ ಪುಸ್ತಕ. ಅದು ಶುರುವಾಗೋದು ಹೇಗೆ? ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಒಬ್ಬ ದಾರಿ ತಪ್ಪುತ್ತಾನೆ, ಕತ್ತಲಾಗುತ್ತದೆ, ಗೋಪಾಲಯ್ಯನ ಮನೆ ಸೇರುತ್ತಾನೆ. ದಾರಿ ಸರಿಯಾಗಿದ್ದರೆ ಕಾದಂಬರಿಯೇ ಇಲ್ಲ. 'ಕರ್ವಾಲೊ' ತಗೋ, 1980ರದ್ದು. ಅದರ ಕೊನೆಯನ್ನು ನಮ್ಮ ಸೇಡಂ ಬಯಲಿಗೆ ತಂದು ಇಡೋಕೆ ಆಗುತ್ತಾ? ಆ ಹಾರುವ ಓತಿ ರೆಕ್ಕೆ ಬಿಚ್ಚೋಕೆ ಪ್ರಪಾತ ಬೇಕು. ತೇಜಸ್ವಿ ಅಷ್ಟು ದೂರ, ಅಷ್ಟು ಎತ್ತರಕ್ಕೆ ಎಲ್ಲರನ್ನೂ ನಡೆಸಿಕೊಂಡು ಹೋಗಿದ್ದು ಅದಕ್ಕೇ. 'ಮಲೆಗಳಲ್ಲಿ ಮದುಮಗಳು' ಓದುವಾಗ ಒಂದು ಕೆಲಸ ಮಾಡು. ಗುತ್ತಿ, ಅವನ ನಾಯಿ ಹುಲಿಯ ಎಲ್ಲಿಂದ ಎಲ್ಲಿಗೆ ನಡೆದರು ಅಂತ ಒಂದು ಹಾಳೆಯಲ್ಲಿ ಗೆರೆ ಎಳೆಯುತ್ತಾ ಹೋಗು. ಆ ಹಾಳೆ ನಿನಗೆ ಹತ್ತು ವಿಮರ್ಶೆಗಿಂತ ಜಾಸ್ತಿ ಹೇಳುತ್ತದೆ.

ಇನ್ನೊಂದು ಪುಸ್ತಕದ ವಿಷಯ ಹೇಳಲೇಬೇಕು, ಯಾಕಂದ್ರೆ ನೆಲವೇ ಕಥಾವಸ್ತು ಆಗೋದು ಹೇಗೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಬೇಟೆಗಾರ ಜಿಮ್ ಕಾರ್ಬೆಟ್ ಬರೆದ, ಹಿಮಾಲಯದ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕತೆ. ಕನ್ನಡಕ್ಕೆ ತೇಜಸ್ವಿಯವರೇ ತಂದಿದ್ದಾರೆ. ಆ ಚಿರತೆ ಎಂಟು ವರ್ಷಗಳಲ್ಲಿ 125 ಜನರನ್ನು ಕೊಂದಿತ್ತು ಅನ್ನೋದು ಸರ್ಕಾರಿ ಲೆಕ್ಕ. 1926ರಲ್ಲಿ ಕಾರ್ಬೆಟ್ ಅದನ್ನು ಹೊಡೆದ. ಐನೂರು ಚದರ ಮೈಲಿ ಗುಡ್ಡಗಾಡು, ಅದರಲ್ಲಿ ಒಂದು ಚಿರತೆ. ಎಲ್ಲಿ ಅಂತ ಹುಡುಕೋದು? ಅವನು ಮೊದಲು ಚಿರತೆಯನ್ನಲ್ಲ, ನದಿಯನ್ನು ನೋಡಿದ. ಆ ಸೀಮೆಯನ್ನು ಅಲಕನಂದಾ ಎರಡು ಭಾಗ ಮಾಡುತ್ತದೆ. ನೀರಿನ ಸೆಳೆತ ಎಷ್ಟಿದೆ ಅಂದ್ರೆ ಈಜಿ ದಾಟೋದು ಕಷ್ಟ. ಚಿರತೆಗೆ ದಾಟೋಕೆ ಆಗುವಂಥದ್ದು ಇದ್ದದ್ದು ಎರಡು ತೂಗುಸೇತುವೆ. ರಾತ್ರಿ ಅವುಗಳಿಗೆ ಮುಳ್ಳು ಹಾಕಿ ಮುಚ್ಚಿಸಿದರೆ ಚಿರತೆ ಒಂದು ದಡದಲ್ಲೇ ಉಳಿಯುತ್ತದೆ, ಹುಡುಕುವ ಜಾಗ ಕಡಿಮೆಯಾಗುತ್ತದೆ. ಒಂದು ಸೇತುವೆಯ ಗೋಪುರದ ಮೇಲೆ ಅವನು ಇಪ್ಪತ್ತು ರಾತ್ರಿ ಕಾದು ಕೂತ. ಓದುವವರ ಎದೆ ಹೊಡೆದುಕೊಳ್ಳುತ್ತೆ, ಅಲ್ವಾ? ಆದರೆ ಗಮನಿಸು, ಅಲ್ಲಿ ಭಯಂಕರ ಅನ್ನುವ ಮಾತಿಗಿಂತ ಸೇತುವೆ, ದಡ, ಹಳ್ಳಿಗಳ ನಡುವಿನ ದೂರ ಇವೇ ಜಾಸ್ತಿ ಕೆಲಸ ಮಾಡಿವೆ. ನಕ್ಷೆ ಓದುಗನ ತಲೆಯಲ್ಲಿ ಕೂತ ಮೇಲೆ ಭಯ ತಾನಾಗೇ ಬರುತ್ತದೆ.

ಈಗ ನಿನ್ನ ಅಧ್ಯಾಯಕ್ಕೆ ಬರ್ತೀನಿ. ಬೇಜಾರು ಮಾಡ್ಕೋಬೇಡ.

ನಿನ್ನ ಕತೆಯ ಮೇಷ್ಟ್ರು ಮಧ್ಯಾಹ್ನ ಊಟ ಮಾಡಿ, ಮೂರು ಗಂಟೆಗೆ ಮನೆ ಬಿಟ್ಟು, ಬೆಟ್ಟ ಹತ್ತಿ, ಸೂರ್ಯಾಸ್ತ ನೋಡಿ, ರಾತ್ರಿ ಊಟಕ್ಕೆ ಮನೆಗೆ ಬರುತ್ತಾರೆ. ಬೆಟ್ಟ ಆರು ಕಿಲೋಮೀಟರ್ ದೂರ, ಒಂಬೈನೂರು ಮೀಟರ್ ಏರು ಅಂತ ನೀನೇ ಬರೆದಿದ್ದೀಯ. 1892ರಲ್ಲಿ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನವನು ಒಂದು ಸುಲಭದ ಲೆಕ್ಕ ಕೊಟ್ಟ. ಗುಡ್ಡ ಹತ್ತುವವರು ಇವತ್ತಿಗೂ ಅದನ್ನೇ ಬಳಸುತ್ತಾರೆ. ಸಮತಟ್ಟಿನ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ನಿನ್ನ ಮೇಷ್ಟ್ರಿಗೆ ಹಾಕಿ ನೋಡು. ದೂರಕ್ಕೆ ಒಂದೂಕಾಲು ಗಂಟೆ, ಏರಿಗೆ ಒಂದೂವರೆ. ಎಲ್ಲೂ ಕೂರದೆ, ನೀರು ಕುಡಿಯದೆ, ಜಾರದೆ ಹತ್ತಿದರೆ ಪೌಣೆ ಆರಕ್ಕೆ ತುದಿ. ಸೂರ್ಯಾಸ್ತ ಸಿಕ್ಕಿತು, ಸರಿ. ಇಳಿಯೋದು ಹೇಗೆ? ಕೈಯಲ್ಲಿ ಟಾರ್ಚು ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ, ತಿಂಗಳು ಜೂನ್. ಅವರ ವಯಸ್ಸು ಐವತ್ತೆಂಟು! ಕತ್ತಲಲ್ಲಿ, ಮಳೆಯಲ್ಲಿ, ಒದ್ದೆ ಬಂಡೆಯ ಮೇಲೆ ಆ ಮನುಷ್ಯ ಊಟದ ಹೊತ್ತಿಗೆ ಮನೆಗೆ ಬಂದದ್ದು ಹೇಗೆ ಅಂತ ನೀನು ಒಂದು ಸಾಲೂ ಬರೆದಿಲ್ಲ. ನನ್ನ ಪ್ರಕಾರ ನಿನ್ನ ಕಾದಂಬರಿಯ ನಿಜವಾದ ಅಧ್ಯಾಯ ಆ ಇಳಿಯುವ ದಾರಿಯಲ್ಲೇ ಬಿದ್ದಿದೆ. ಹೆಂಡತಿಯ ನೆನಪು, ಮಗನ ಜಗಳ ಎಲ್ಲವನ್ನೂ ತುದಿಯ ಮೇಲೆ ಕೂರಿಸಿ ಹೇಳಿಸಿದ್ದೀಯ. ಕೆಳಗಿಳಿಯುವಾಗ, ಮುಂದಿನ ಕಾಲು ಎಲ್ಲಿಡಬೇಕು ಅಂತ ಗೊತ್ತಾಗದಿರುವಾಗ, ಆ ಜಗಳ ನೆನಪಾಗಲಿ. ಬರಹ ಬೇರೆಯೇ ಆಗುತ್ತೆ ನೋಡು.

ಇನ್ನೊಂದು. ಬೆಟ್ಟದ ನೆತ್ತಿಯ ಮೇಲೆ ದಟ್ಟ ಕಾಡು ಇಟ್ಟಿದ್ದೀಯ. ಪಶ್ಚಿಮ ಘಟ್ಟದ ಎತ್ತರದಲ್ಲಿ ಹೆಚ್ಚಾಗಿ ಹುಲ್ಲುಗಾವಲು ಇರುತ್ತದೆ. ಕಾಡು ನಿಲ್ಲೋದು ಗುಡ್ಡದ ಮಡಿಕೆಗಳಲ್ಲಿ, ನೀರು ಹರಿಯುವ ಕಣಿವೆಗಳಲ್ಲಿ. ಆ ಕಾಡಿಗೇ ಶೋಲಾ ಅಂತಾರೆ. ಮೇಲೆ ಮರ ಇಲ್ಲ ಅಂದ್ರೆ ಅಲ್ಲಿ ನೆರಳೂ ಇಲ್ಲ, ಗಾಳಿಗೆ ತಡೆಯೂ ಇಲ್ಲ, ಮಳೆ ಬಂದರೆ ಓಡಿ ನಿಲ್ಲೋಕೆ ಜಾಗವೂ ಇಲ್ಲ. ನಿನ್ನ ಮೂರನೇ ಅಧ್ಯಾಯದ ಪ್ರೇಮಿಗಳು ಮಳೆಗೆ ಮರದಡಿ ನಿಂತಿದ್ದಾರಲ್ಲ, ಪಾಪ, ಅವರಿಗೆ ಬೇರೆ ಏನಾದರೂ ವ್ಯವಸ್ಥೆ ಮಾಡು.

ಇಂಥದ್ದನ್ನು ಕಾದಂಬರಿ ಹೇಳಿಕೊಡೋದು ಕಡಿಮೆ. ಕೈಪಿಡಿ ಹೇಳಿಕೊಡುತ್ತದೆ. ಕುಮಾರಪರ್ವತದ ದಾರಿಯ ಬಗ್ಗೆ ಯಾವುದಾದರೂ ಒಳ್ಳೆಯ ವಿವರಣೆ ತೆಗೆದು ಓದು. ತುದಿ 1712 ಮೀಟರ್. ಕುಕ್ಕೆ ಕಡೆಯಿಂದ ಹತ್ತಿದರೆ ಸಾವಿರದೈನೂರು ಮೀಟರಿನಷ್ಟು ಏರು. ಮೊದಲು ಕಾಡು. ಅದು ಮುಗಿದ ಮೇಲೆ ಭಟ್ಟರ ಮನೆ, ಅಲ್ಲಿ ಊಟ ಸಿಗುತ್ತೆ. ಆಮೇಲೆ ಹುಲ್ಲು, ಬರೀ ಹುಲ್ಲು, ಬಿಸಿಲು. ಕಲ್ಲುಮಂಟಪ. ಶೇಷಪರ್ವತ. ಅಲ್ಲಿಗೆ ಬಂದವರು ಮುಗೀತು ಅಂದುಕೊಳ್ಳುತ್ತಾರೆ. ಮುಗಿದಿರೋಲ್ಲ. ಮತ್ತೆ ಕಾಡಿನೊಳಗೆ ಇಳಿದು, ಒದ್ದೆ ಬಂಡೆಯೊಂದನ್ನು ಹತ್ತಿ, ಆಮೇಲೆ ತುದಿ. ಹತ್ತಿದ್ದನ್ನು ಕಳೆದುಕೊಂಡು ಮತ್ತೆ ಹತ್ತಬೇಕು. ಇದನ್ನು ಬರೆದವನು ಯಾರೋ ಸುಮ್ನೆ ದಾರಿ ಹೇಳಿದ್ದಾನೆ. ಆದರೆ ಎಲ್ಲಿ ಆಸೆ ಹುಟ್ಟುತ್ತದೆ, ಎಲ್ಲಿ ಅದು ಮುರಿಯುತ್ತದೆ, ಎಲ್ಲಿ ನೀರು, ಎಲ್ಲಿ ಅನ್ನ, ಎಲ್ಲ ಬಂದುಬಿಟ್ಟಿದೆ. ಇದೇ ಕುಮಾರಪರ್ವತದ ಸೀಮೆಯಲ್ಲಿ 'ಬೆಟ್ಟದ ಜೀವ' ನಡೆಯುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದು. ಅಂಥ ಕಡೆ ಕಾಡು ಕಡಿದು ತೋಟ ಮಾಡೋದು ಅಂದ್ರೆ ಏನು ಅಂತ ಮೈಗೆ ಗೊತ್ತಾಗುತ್ತದೆ.

"ಭೂಲೋಕದ ಸ್ವರ್ಗ", "ಕಣ್ಮನ ಸೆಳೆಯುವ" ಅಂತ ಶುರುವಾಗುವ ಚಾರಣದ ಲೇಖನಗಳನ್ನು ಮಾತ್ರ ಬಿಟ್ಟುಬಿಡು. ಅವುಗಳಿಂದ ಭಾಷೆ ಕೆಡುತ್ತೆ, ದಾರಿಯೂ ಸಿಗೋಲ್ಲ.

ಕೈಪಿಡಿಯೂ ಸಾಹಿತ್ಯ ಆಗಬಹುದಾ ಅಂತ ಕೇಳಿದ್ದೀಯ. ಆಗಬಹುದು. ಇಂಗ್ಲೆಂಡಿನ ಕೆಂಡಾಲ್ ಅನ್ನೋ ಊರಿನ ಪುರಸಭೆಯಲ್ಲಿ ವೇನ್‌ರೈಟ್ ಅಂತ ಒಬ್ಬ ಖಜಾನೆ ಅಧಿಕಾರಿ ಇದ್ದ. ಕಾರು ಓಡಿಸುತ್ತಿರಲಿಲ್ಲ. ರಜೆ ಬಂದರೆ ಬಸ್ಸು ಹಿಡಿದು ಹೋಗಿ ಗುಡ್ಡ ಹತ್ತೋದು, ರಾತ್ರಿ ಕೂತು ಬರೆಯೋದು. ಹಾಗೆ ತನ್ನ ಸುತ್ತಲಿನ 214 ಗುಡ್ಡಗಳ ಬಗ್ಗೆ ಏಳು ಸಂಪುಟ ಮಾಡಿದ. 1955ರಿಂದ 1966ರವರೆಗೆ ಒಂದೊಂದಾಗಿ ಬಂದವು. ಅಚ್ಚಿನ ಮೊಳೆಯೇ ಇಲ್ಲ, ಪುಟಗಳೆಲ್ಲ ಅವನ ಕೈಬರಹ, ಅವನದೇ ರೇಖಾಚಿತ್ರ. ಒಂದೊಂದು ಗುಡ್ಡಕ್ಕೂ ಎಲ್ಲಿಂದ ಹತ್ತಬಹುದು, ಪಕ್ಕದ ಗುಡ್ಡಕ್ಕೆ ಗುಡ್ಡದ ಬೆನ್ನಿನ ಮೇಲೆ ಹೇಗೆ ಹೋಗಬಹುದು, ತುದಿಯಿಂದ ಏನೇನು ಕಾಣುತ್ತದೆ, ಎಲ್ಲ ಇದೆ. ನಡುನಡುವೆ ಗೊಣಗಾಟ, ತಮಾಷೆ. ಮನೆಬಿಟ್ಟು ಕದಲದವರೂ ಅದನ್ನು ಕಾದಂಬರಿಯ ಹಾಗೆ ಓದುತ್ತಾರೆ. ನಿನಗೆ ಹೇಳಬೇಕಾದ ಮುಖ್ಯ ಮಾತು ಬೇರೆ ಇದೆ. ಆ ಗುಡ್ಡಗಳಲ್ಲಿ ಎಲ್ಲಕ್ಕಿಂತ ದೊಡ್ಡದು 978 ಮೀಟರ್. ನಮ್ಮ ಮುಳ್ಳಯ್ಯನಗಿರಿ 1930. ಅಂದ್ರೆ ಹೆಚ್ಚುಕಡಿಮೆ ಅರ್ಧ. ಆದರೂ ಓದುವಾಗ ಹಿಮಾಲಯದಷ್ಟೇ ದುರ್ಗಮ ಅನ್ನಿಸುತ್ತದೆ, ಬರೆದವನಿಗೆ ಪ್ರತಿ ಕಲ್ಲೂ ಗೊತ್ತಿತ್ತಲ್ಲ, ಅದಕ್ಕೆ.

ಈಗ ಹೇಳು, "ನಮ್ಮ ಕಡೆ ಏನಿದೆ ಅಕ್ಕ, ಬರೀ ಎರೆ ಹೊಲ" ಅಂತ ನೀನು ಬರೆದದ್ದು ಸರಿಯಾ? ಕಲಬುರಗಿಯಲ್ಲಿ ಕೂತವಳು ನಾನು ಹಾಗೆ ಅಂದರೆ ಒಪ್ಪಬಹುದು. ನೀನು ಕೂತಿರೋದು ಶಹಾಪುರದಲ್ಲಿ! ನಿನ್ನ ಮನೆ ಮಾಳಿಗೆ ಹತ್ತಿದರೆ ಬುದ್ಧ ಮಲಗಿದ್ದಾನೆ. ಆ ಸಾಲು ಗುಡ್ಡಗಳು ರಸ್ತೆಯಲ್ಲಿ ಎಲ್ಲಿಗೆ ಬಂದಾಗ ಬುದ್ಧನಾಗುತ್ತವೆ, ಎಷ್ಟು ದೂರ ಹೋದಾಗ ಮುಖ ಒಡೆದು ಮತ್ತೆ ಬರೀ ಬಂಡೆಯಾಗುತ್ತವೆ, ನೋಡಿದ್ದೀಯಾ? ಮೂಗು ಯಾವ ಗುಡ್ಡ, ಎದೆ ಯಾವುದು? ಅಲ್ಲಿ ಕುರಿ ಕಾಯುವವರಿಗೆ ಬುದ್ಧ ಬೇಕಿಲ್ಲ, ಯಾವ ಸಂದಿಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತೆ ಅಂತ ಗೊತ್ತು. ಅವರನ್ನು ಕೇಳು. ಈ ತಿಂಗಳಲ್ಲಿ ಹೋದರೆ ಬೆಳಿಗ್ಗೆ ಎಂಟರೊಳಗೆ ಇಳಿದುಬಿಡಬೇಕು. ಬಂಡೆ ಕಾದರೆ ಸೂರ್ಯ ಮುಳುಗಿದ ಮೇಲೂ ಕೈ ಇಡೋಕೆ ಆಗೋಲ್ಲ. ಒಬ್ಬಳೇ ಹೋಗಬೇಡ, ತಮ್ಮನನ್ನು ಕರ್ಕೊಂಡು ಹೋಗು.

ಯಾದಗಿರಿ ಕೋಟೆ ನಿನಗೆ ಹತ್ತಿರ. ಚಿಂಚೋಳಿ ಕಡೆ ಗೊಟ್ಟಂಗೊಟ್ಟ, ಚಂದ್ರಂಪಳ್ಳಿ ಕಾಡುಗಳಿವೆ. 2011ರಲ್ಲಿ ಅದನ್ನೆಲ್ಲ ವನ್ಯಧಾಮ ಮಾಡಿದರು. ಅಲ್ಲಿನ ತಾಂಡಾಗಳ ಜನ ಕಾಡಿನ ದಾರಿ ಹೇಳುವುದನ್ನು ಕೇಳಿದರೆ ಯಾವ ಕೈಪಿಡಿಯೂ ಬೇಡ.

ಸುರಪುರವಂತೂ ನಿನ್ನ ಪಕ್ಕದ ತಾಲ್ಲೂಕು. 1841ರಲ್ಲಿ ಅಲ್ಲಿಗೆ ಬ್ರಿಟಿಷ್ ಅಧಿಕಾರಿಯಾಗಿ ಬಂದ ಮೆಡೋಸ್ ಟೇಲರ್ ಅಷ್ಟು ಹೊತ್ತಿಗಾಗಲೇ ಹೆಸರಾದ ಕಾದಂಬರಿಕಾರ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಇವತ್ತಿಗೂ ಇದೆ. ಅವನು ಕಾದಂಬರಿ ಬರೆದು ಕೂರಲಿಲ್ಲ. ರಾಜನ ಕೋಳೂರು, ವಿಭೂತಿಹಳ್ಳಿ ಇಂಥ ಕಡೆ ಇರುವ ಹಳೇ ಕಾಲದ ಕಲ್ಗೋರಿ, ನಿಲ್ಲಿಸಿದ ಗುಂಡುಗಲ್ಲುಗಳ ಸಾಲು, ಇವುಗಳನ್ನೆಲ್ಲ ನೋಡಿ, ಅಳೆದು, ಬರೆದಿಟ್ಟ. ಆಳುವವನ ಕಣ್ಣು ಅವನದು, ಅದು ಬೇರೆ ಮಾತು, ಅದನ್ನು ಮರೆಯದೆ ಓದು. ಆದರೆ ಕತೆ ಬರೆಯುವ ಕೈಯೇ ಕಲ್ಲನ್ನೂ ಅಳೆಯಿತು ಅನ್ನೋದನ್ನು ಗಮನಿಸು. ಅದೂ ನಿನ್ನ ಊರಿನ ಸುತ್ತಲೇ.

ಹಾಗಂತ ಮಲೆನಾಡಿನ ಕಾದಂಬರಿ ಬಿಟ್ಟುಬಿಡು ಅಂತಲ್ಲ. ಬಯಲಿನವರು ಬೆಟ್ಟದ ಬಗ್ಗೆ ಬರೀಬಾರದು ಅನ್ನೋ ಮಾತನ್ನು ನಾನು ನಂಬೋದಿಲ್ಲ. ಆದರೆ ನಾಲ್ಕನೇ ಅಧ್ಯಾಯಕ್ಕೆ ಕೈ ಹಾಕುವ ಮೊದಲು ಒಂದು ಕೆಲಸ ಮಾಡಿಕೊಡು. ಸರ್ವೆ ಆಫ್ ಇಂಡಿಯಾದ ಐವತ್ತು ಸಾವಿರಕ್ಕೆ ಒಂದರ ಅಳತೆಯ ನಕ್ಷೆ ಹುಡುಕು, ಈಗ ಆನ್‌ಲೈನ್‌ನಲ್ಲೇ ಸಿಗುತ್ತದೆ. ಅದರಲ್ಲಿ ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರ ಇದ್ದರೆ ಸಮತಟ್ಟು. ಎರೆ ಹೊಲದ ಕಡೆ ಗೆರೆಯನ್ನು ಹುಡುಕಬೇಕು, ಶಹಾಪುರದ ಗುಡ್ಡಕ್ಕೆ ಬಂದರೆ ಒಂದರ ಮೇಲೊಂದು ಬಿದ್ದಿರುತ್ತವೆ. ಆ ನಕ್ಷೆ ಇಟ್ಟುಕೊಂಡು, ಹೊರಗಿನವರೊಬ್ಬರು ಬಂದರೆ ನಿನ್ನ ಊರಿನ ಗುಡ್ಡ ಹತ್ತಿ ಇಳಿಯೋದು ಹೇಗೆ ಅಂತ ಎರಡು ಮೂರು ಪುಟ ಬರೆ. 'ಸುಂದರ', 'ರಮಣೀಯ' ಒಂದೂ ಇರಬಾರದು. ನೀರು ಎಲ್ಲಿ, ನೆರಳು ಎಷ್ಟು ಹೊತ್ತಿಗೆ ಯಾವ ಕಡೆ, ಮುಳ್ಳು ಎಲ್ಲಿ, ದಾರಿ ಎಲ್ಲಿ ಕವಲೊಡೆಯುತ್ತೆ, ತಪ್ಪಿದರೆ ಎಲ್ಲಿಗೆ ಹೋಗ್ತಾರೆ, ಇಷ್ಟು. ಆಮೇಲೆ ನಿನ್ನ ಮೇಷ್ಟ್ರನ್ನು ಅದೇ ಕೈಯಲ್ಲಿ ಬೆಟ್ಟದಿಂದ ಇಳಿಸು.

ಆ ಪುಟಗಳನ್ನು ಅಂಚೆಗೇ ಹಾಕು, ಫೋನಿನಲ್ಲಿ ಓದೋಕೆ ನನ್ನ ಕಣ್ಣು ಕೇಳೋದಿಲ್ಲ. ಇದರ ಜೊತೆ ವೇನ್‌ರೈಟ್‌ನ ಒಂದು ಸಂಪುಟ ಕಳಿಸಿದ್ದೀನಿ. ನನ್ನ ಹತ್ತಿರ ಇರೋದು ಅದೊಂದೇ, ರಟ್ಟು ಬಿಚ್ಚಿದೆ, ಹುಷಾರು. ಬೇರೆ ಯಾರಿಗೂ ಕೊಡಬೇಡ. ದಸರಾ ರಜೆಗೆ ಕಲಬುರಗಿಗೆ ಬರುವಾಗ ವಾಪಸ್ ತಾ.

ನಿನ್ನ
ಅಕ್ಕ