ಮೂರು ಚೌಕದ ತೊಗರಿ: ಫಲಿತಾಂಶ, ತಕರಾರು ಮತ್ತು ಒಂದು ಬೇಡಿಕೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪದಬಂಧ ಬಿಡಿಸುವ ಕಲಬುರಗಿಯ ನಾವೊಂದಿಷ್ಟು ಮಂದಿ ಹೋದ ತಿಂಗಳು ಸ್ನೇಹಕ್ಕಾಗಿ ಒಂದು ಸ್ಪರ್ಧೆ ಇಟ್ಟುಕೊಂಡಿದ್ದೆವು. ಪದಬಂಧ ಬಿಡಿಸುವುದಲ್ಲ, ಸುಳಿವು ಕಟ್ಟುವುದು. ಎಲ್ಲರಿಗೂ ಒಂದೇ ಪದ: ತೊಗರಿ. ಅದಕ್ಕೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುವಂಥ ಕ್ರಿಪ್ಟಿಕ್ ಸುಳಿವು ಬರೆದು, ಜಗತ್ ಸರ್ಕಲ್ ಹತ್ತಿರದ ನನ್ನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಯ ಖಾಲಿ ಡಬ್ಬಿಯೊಳಗೆ ಹಾಕಬೇಕು. ಶುಲ್ಕವಿಲ್ಲ. ಬಹುಮಾನ ಒಂದು ಕಿಲೋ ತೊಗರಿ ಬೇಳೆ. ತೀರ್ಪು ನನ್ನದು. ಫಲಿತಾಂಶ ಹೇಳಿದ ದಿನದಿಂದ ಗೆಳೆಯರಲ್ಲಿ ಎರಡು ಪಕ್ಷಗಳಾಗಿವೆ. ಅದಕ್ಕೇ ಫಲಿತಾಂಶವನ್ನೂ ತಕರಾರನ್ನೂ ನಿಮ್ಮ ಓದುಗರ ಮುಂದೆ ಇಡುತ್ತಿದ್ದೇನೆ. ಕೊನೆಗೆ ನಿಮ್ಮಲ್ಲಿ ಒಂದು ಬೇಡಿಕೆಯೂ ಇದೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ನಿಮ್ಮ ಪದಬಂಧದಲ್ಲಿ ‘ಸೂರ್ಯ (2)’ ಎಂದು ಬಂದರೆ ರವಿಯೋ ಭಾನುವೋ ಎಂದು ಅಡ್ಡ ಬರುವ ಅಕ್ಷರ ನೋಡಿ ಬರೆಯುತ್ತೇವೆ. ಕ್ರಿಪ್ಟಿಕ್ ಸುಳಿವಿನಲ್ಲಿ ಒಂದೇ ವಾಕ್ಯದೊಳಗೆ ಎರಡು ದಾರಿ ಇರುತ್ತವೆ. ಒಂದು ಪದದ ಅರ್ಥ; ಇನ್ನೊಂದು ಅದೇ ಪದವನ್ನು ಅಕ್ಷರಗಳಿಂದ ಕಟ್ಟುವ ಬಗೆ. ಮೇಲೆ ಮೇಲೆ ಓದಿದರೆ ವಾಕ್ಯ ಬೇರೇನನ್ನೋ ಹೇಳುತ್ತಿರಬೇಕು. ‘ಬಾಲ ಕಳಕೊಂಡ ಯಾದವ ಬೆಟ್ಟ ಸೇರಿದರೆ ಪಕ್ಕದ ಜಿಲ್ಲೆ (4)’ ಎಂದು ನಾನು ಮಾದರಿಗೆ ಬರೆದು ಅಂಟಿಸಿದ್ದೆ. ಯಾದವನ ಕೊನೆಯಕ್ಷರ ಹೋದರೆ ಯಾದ, ಬೆಟ್ಟವೆಂದರೆ ಗಿರಿ: ಯಾದಗಿರಿ. ಎರಡೂ ದಾರಿ ಒಂದೇ ಊರಿಗೆ ಬಂದಾಗ ಉತ್ತರ ಸರಿಯೋ ತಪ್ಪೋ ಎಂದು ಯಾರನ್ನೂ ಕೇಳಬೇಕಿಲ್ಲ.

ಈ ಹುಚ್ಚು ನಮಗೆ ಹಚ್ಚಿದವರು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾದ ಹಿರಿಯ ಗೆಳೆಯರೊಬ್ಬರು. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯ ಕಥೆ ಅವರ ಬಾಯಲ್ಲೇ ಕೇಳಬೇಕು. ಅಲ್ಲಿ 1926ರಿಂದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಎಂಬುವರು ಟಾರ್ಕೆಮಾಡ ಎಂಬ ಗುಪ್ತನಾಮದಲ್ಲಿ ಪದಬಂಧ ಕಟ್ಟುತ್ತಿದ್ದರು. 1939ರಲ್ಲಿ ಅವರು ತೀರಿಕೊಂಡ ಮೇಲೆ ಶಾಲಾ ಮಾಸ್ತರರಾಗಿದ್ದ ಡಿ.ಎಸ್. ಮ್ಯಾಕ್‌ನಟ್ ಜಿಮೆನೆಸ್ ಎಂಬ ಹೆಸರಿನಲ್ಲಿ, 1972ರಿಂದ ಜೊನಾಥನ್ ಕ್ರೌಥರ್ ಅಜೆಡ್ ಎಂಬ ಹೆಸರಿನಲ್ಲಿ ಆ ಕೆಲಸ ಹಿಡಿದರು. ಮೂರೂ ಸ್ಪೇನಿನಲ್ಲಿ ಹಿಂದೆ ಧರ್ಮವಿಚಾರಣೆಯ ಹೆಸರಲ್ಲಿ ಜನರನ್ನು ಹಿಂಸಿಸುತ್ತಿದ್ದ ಅಧಿಕಾರಿಗಳ ಹೆಸರುಗಳೇ. ಅಜೆಡ್ ಮಾತ್ರ ಡೇಜಾ ಎಂಬುದನ್ನು ತಿರುಗಿಸಿ ಬರೆದದ್ದು. ಒಂದು ಪದ ಕೊಟ್ಟು ಓದುಗರಿಂದಲೇ ಸುಳಿವು ಬರೆಸಿ, ಚೆನ್ನಾಗಿರುವುದನ್ನು ಟಿಪ್ಪಣಿ ಸಮೇತ ಅಚ್ಚು ಹಾಕಿ ಕಳಿಸುವ ಪದ್ಧತಿ ಅಲ್ಲಿಯದು. ಅವರ ಲೆಕ್ಕದಲ್ಲಿ ಒಳ್ಳೆಯ ಸುಳಿವಿನಲ್ಲಿ ಇರಬೇಕಾದ್ದು ನಿಖರವಾದ ಅರ್ಥ ಮತ್ತು ನ್ಯಾಯವಾದ ಪದಕಟ್ಟು. ಮೂರನೆಯದಾಗಿ, ಬೇರೆ ಏನೂ ಇರಕೂಡದು. ಈ ಮೂರನೆಯದೇ ನಮ್ಮಲ್ಲಿ ಜಗಳ ಹಚ್ಚಿತು.

ಮೊದಲ ಬಹುಮಾನ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳಿಗೆ:

‘ಕೈಗೆ ಬಂತೊ ಗರಿಗರಿ ನೋಟು, ಒಳಗಿರುವುದು ನಮ್ಮೂರ ಕಾಳು (3)’.

‘ಬಂತೊ ಗರಿಗರಿ’ಯನ್ನು ಜಾಗ ಬಿಡದೆ ಓದಿ. ತೊಗರಿ ಅಲ್ಲೇ ಕೂತಿದೆ! ಚೀಟಿ ಬಿಡಿಸಿದಾಗ ನನಗೂ ಕೂಡಲೇ ಕಾಣಲಿಲ್ಲ. ಮಾರುಕಟ್ಟೆಯಿಂದ ದುಡ್ಡು ಎಣಿಸಿಕೊಂಡು ಬರುವ ರೈತನೇ ಕಣ್ಣ ಮುಂದೆ ನಿಂತ. ಆ ನೋಟಿನೊಳಗೆ ಇರುವುದು ಕಾಳೇ ಎಂಬ ಮಾತೂ ಸುಳ್ಳಲ್ಲ.

ರೈಲ್ವೆ ಗೆಳೆಯರು ಒಪ್ಪಲಿಲ್ಲ. ಪದ ಅಡಗಿರುವುದು ‘ಬಂತೊ ಗರಿಗರಿ’ಯಲ್ಲಿ, ‘ಕೈಗೆ’ ಯಾಕೆ, ‘ನೋಟು’ ಯಾಕೆ? “ಬ್ಯಾಡಾದ ಡಬ್ಬಿ ಹಚ್ಚಿ ಗಾಡಿ ಬಿಟ್ಟಂಗಾಯ್ತಿದು” ಎಂದರು. ಆ ಹುಡುಗಿ ಅಲ್ಲೇ ಇದ್ದಳು. “ನೋಟು ತೆಗೆದ್ರ ರೈತನ ಕೈಯಾಗ ಏನ್ ಉಳೀತದ್ರಿ ಕಾಕಾ?” ಎಂದಳು. ಇಡೀ ಪ್ರೆಸ್ಸು ನಕ್ಕಿತು, ಕಾಕಾ ಮಾತ್ರ ನಗಲಿಲ್ಲ. ನಿಯಮದ ಪ್ರಕಾರ ಅವರು ಹೇಳುವುದು ಸರಿ. ಆದರೆ ಆ ಎರಡು ಪದ ಬಿಡಿಸುವವರಿಗೆ ಮೋಸ ಮಾಡುವುದಿಲ್ಲ, ವಾಕ್ಯವನ್ನು ವಾಕ್ಯವಾಗಿ ನಿಲ್ಲಿಸುತ್ತವೆ ಅಷ್ಟೆ. ಅವರ ಎರಡನೆಯ ಆಕ್ಷೇಪ: ತೊಗರಿ ವಿಜಯಪುರದಲ್ಲೂ ಬೆಳೆಯುತ್ತದೆ, ಮಹಾರಾಷ್ಟ್ರದಲ್ಲೂ ಬೆಳೆಯುತ್ತದೆ, ‘ನಮ್ಮೂರ ಕಾಳು’ ಹೇಗೆ ನಿಖರ? ಇದಕ್ಕೆ ನನ್ನ ಹತ್ತಿರ ಸರಕಾರದ ಸಾಕ್ಷಿಯೇ ಇದೆ. 2019ರಲ್ಲಿ ಭೌಗೋಳಿಕ ಗುರುತಿನ, ಅಂದರೆ ಜಿಐ ಮಾನ್ಯತೆ ಸಿಕ್ಕಿದ್ದು ಕಲಬುರಗಿಯ ತೊಗರಿ ಬೇಳೆಗೆ.

ಎರಡನೆಯ ಸ್ಥಾನ ಚಿಂಚೋಳಿ ಕಡೆಯ ಅಂಗನವಾಡಿ ಶಿಕ್ಷಕಿಯೊಬ್ಬರದು: ‘ಹೊಲದಲ್ಲೇ ಬೆಳೆದದ್ದು, ತೊಟ್ಟಿಲ ತಲೆಗೆ ನವಿಲು ಬಿಟ್ಟುಹೋದದ್ದನ್ನು ಕಟ್ಟಿಸಿಕೊಂಡು (3)’. ತೊಟ್ಟಿಲ ತಲೆ ‘ತೊ’, ನವಿಲು ಬಿಟ್ಟುಹೋದದ್ದು ‘ಗರಿ’. ಕೂಲಿಗೆ ಹೋದ ತಾಯಿ ಮರಕ್ಕೆ ಸೀರೆ ಕಟ್ಟಿ ಮಲಗಿಸಿದ ಕೂಸಿನ ಚಿತ್ರ ಬರುತ್ತದೆ. ಒಂದು ಪದವೂ ಹೆಚ್ಚಿಲ್ಲ. ಇದೇ ಮೊದಲು ಬರಬೇಕಿತ್ತು ಎಂಬುದು ವಾಡಿ ಪಕ್ಷದ ವಾದ. ಹೊಲದಲ್ಲಿ ಬೆಳೆಯುವುದು ಜೋಳವೂ ಹೌದು, ಹೆಸರೂ ಹೌದು, ಕಸವೂ ಹೌದು ಎಂಬುದೊಂದೇ ನನ್ನ ಹಿಂಜರಿಕೆ. ಕೂದಲೆಳೆಯ ಅಂತರ.

ಮೂರನೆಯದು ಹಳಗನ್ನಡ ಕಲಿಸಿದ ನಿವೃತ್ತ ಉಪನ್ಯಾಸಕರದು: ‘ತಗರಿಗೆ ಒತ್ವ ಕೊಟ್ಟರೆ ಬೇಳೆಯಾಗುತ್ತದೆ (3)’. ತಗರು ಎಂದರೆ ಹಳೆಯ ಮಾತಿನ ಟಗರು. ‘ತ’ಕ್ಕೆ ಒತ್ವ ಕೊಟ್ಟರೆ ತೊಗರಿ. ಇಲ್ಲಿ ಬೇರೆಯದೇ ಪ್ರಶ್ನೆ ಎದ್ದಿತು. ಇಂಗ್ಲಿಷಿನಲ್ಲಿ ಚೌಕಕ್ಕೊಂದು ಲೆಟರ್. ನಮಗೆ ಗುಣಿತ, ಒತ್ತು ಎಲ್ಲ ಸೇರಿದ ಇಡೀ ಅಕ್ಷರವೇ ಒಂದು ಚೌಕ. ‘ಸ್ತ್ರೀ’ ಕೂಡ ಒಂದೇ ಚೌಕ. ಹೀಗಿರುವಾಗ ಅಕ್ಷರವನ್ನು ಒಡೆಯಬಹುದೇ? ಒಡೆಯಕೂಡದು ಎಂದರು ಬಹಳ ಮಂದಿ. ನಾನು ಮೊಳೆ ಜೋಡಿಸಿ ಕಸುಬು ಕಲಿತವನು. ಆಗ ‘ತೊ’ ಎನ್ನುವುದು ನನ್ನ ಕೈಗೆ ಇಡಿಯಾಗಿ ಬಂದದ್ದಿಲ್ಲ. ‘ತೆ’ ಇಟ್ಟು ಪಕ್ಕದಲ್ಲಿ ದೀರ್ಘದ ಕೊಂಬು ಕೂಡಿಸುತ್ತಿದ್ದೆವು. ಕಂಪ್ಯೂಟರಿನ ಒಳಗೂ ಇವತ್ತಿಗೆ ಅದೇ ಎರಡು ತುಂಡುಗಳ ಲೆಕ್ಕವಿದೆ. ಹಾಗಾಗಿ ಒಡೆಯಲು ಅಡ್ಡಿಯಿಲ್ಲ ಎಂದೆ. ಆದರೆ ‘ತಗರಿ’ ತಾನಾಗಿ ನಿಲ್ಲುವ ಪದವಲ್ಲ, ‘ಗೆ’ ಹಿಡಿದುಕೊಂಡು ನಿಂತಿದೆ. ಅದಕ್ಕೆ ಮೂರನೆಯ ಸ್ಥಾನ.

ಬಹುಮಾನ ತಪ್ಪಿದವುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಕಾಲೇಜು ಹುಡುಗನದು: ‘ತೋರಿ ನಡುವೆ ಗಣಪನ ತಲೆಯಿಟ್ಟರೆ ಕಾಳು (3)’. ಗಣಪನ ತಲೆ! ಆದರೆ ಕೂಡಿಸಿದರೆ ಬರುವುದು ‘ತೋಗರಿ’. ದೀರ್ಘ ತಪ್ಪಿತು ಎಂದು ತೆಗೆದಿಟ್ಟೆ. ಹುಡುಗ ಸುಮ್ಮನಿದ್ದ, ಉಪನ್ಯಾಸಕರು ಸುಮ್ಮನಿರಲಿಲ್ಲ. ಹಳೆಯ ಶಾಸನಗಳಲ್ಲಿ ಒ-ಓ ಬೇರೆ ಬೇರೆ ಬರೆಯುತ್ತಿರಲಿಲ್ಲ, ಕಾಗಿಣಾ ದಂಡೆಯ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುವಾಗ ಈ ಸುಳಿವು ಪಾಸಾಗುತ್ತಿತ್ತು ಎಂದು ವಕಾಲತ್ತು ಹಾಕಿದರು. ಮಾತು ನಿಜ. ಆದರೆ ಸರ್, ನಾವು ಕಲ್ಲಿನ ಮೇಲೆ ಬರೆಯುತ್ತಿಲ್ಲ. ಆಗ ಹುಡುಗ ಬಾಯಿ ತೆಗೆದ: “ಹಂಗಾದ್ರ ‘ಬಂತೊ’ ಹ್ಯಾಂಗ್ ಬಿಟ್ರಿ? ಅದು ‘ಬಂತೋ’ ಅಲ್ಲೇನ್ರಿ?” ಜಾಣ. ಏನೊ-ಏನೋ, ಬಂತೊ-ಬಂತೋ ಎರಡೂ ಅಚ್ಚಿನಲ್ಲಿ ನಡೆಯುತ್ತವೆ. ‘ತೊರಿ’ ಎಂದು ಯಾರೂ ಬರೆಯುವುದಿಲ್ಲ. ಇದು ನನ್ನ ಉತ್ತರ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

‘ಸೀಟಿ ಕೇಳಿ ಕೇಳಿ ಮೆತ್ತಗಾಗುವ ಕಲಬುರಗಿಯ ಗಟ್ಟಿಗ (3)’ ಎಂದು ಕುಕ್ಕರನ್ನು ನೆನಪಿಸುವ ಚೀಟಿಯೊಂದು ಬಂದಿತ್ತು. ನಗು ಬಂತು, ಅಂಕ ಬರಲಿಲ್ಲ. ಅದು ಒಗಟು. ಒಗಟಿಗೆ ಒಂದೇ ದಾರಿ. ಅಕ್ಷರ ಕಟ್ಟುವ ಎರಡನೆಯ ದಾರಿ ಅದರಲ್ಲಿಲ್ಲ. ಉಳಿದವುಗಳಲ್ಲಿ ಬಹುಪಾಲು ಇದೇ ಜಾತಿಯವು. ಅಕ್ಷರ ಕಲಸುವ ಸುಳಿವು ಒಂದೂ ಬರಲಿಲ್ಲ. ತಪ್ಪು ಪದ ಆರಿಸಿದವನದು: ತೊ, ಗ, ರಿ ಹೇಗೆ ಕಲಸಿದರೂ ಇನ್ನೊಂದು ಪದ ಹುಟ್ಟುವುದಿಲ್ಲ. ಕನ್ನಡದಲ್ಲಿ ಅದು ಆಗದ ಕೆಲಸವೇನಲ್ಲ. ‘ದಿನ’ ತಿರುಗಿದರೆ ‘ನದಿ’ ಆಗುತ್ತದಲ್ಲ!

ಇದನ್ನೆಲ್ಲ ಕೇಳಿ ಕೆಲವರು, ಇದರಲ್ಲೇನು ಹೊಸದು, ಕನಕದಾಸರ ಮುಂಡಿಗೆ ಇಲ್ಲವೇ, ಅಲ್ಲಮನ ಬೆಡಗಿನ ವಚನ ಇಲ್ಲವೇ ಎಂದರು. ಇವೆ, ಮತ್ತು ಬಹಳ ದೊಡ್ಡವು. ಆದರೆ ಅವುಗಳ ಬೀಗ ತೆಗೆಯಲು ಗುರು ಬೇಕು, ಇಲ್ಲವೇ ಟೀಕೆ ಬರೆದ ಪಂಡಿತ ಬೇಕು. ಈ ಸುಳಿವಿಗೆ ಯಾರೂ ಬೇಡ. ಚಹಾದಂಗಡಿಯಲ್ಲಿ ಪೇಪರು ಹಿಡಿದು ಕೂತವನು ತಾನೇ ಬಿಡಿಸಿ, ತಾನೇ ತಾಳೆ ನೋಡಿಕೊಳ್ಳಬಹುದು. ನಮ್ಮ ಕಡೆ ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಹೇಳುವ ಒಡಪು ಇದಕ್ಕೆ ಹೆಚ್ಚು ಹತ್ತಿರ ಎಂದು ನನಗನಿಸುತ್ತದೆ. ಬಹುಮಾನ ಗೆದ್ದ ಹುಡುಗಿ ಒಡಪು ಕಟ್ಟುವುದರಲ್ಲೂ ಮುಂದು ಎಂದು ಆಮೇಲೆ ತಿಳಿಯಿತು.

ಈಗ ಬೇಡಿಕೆ. ವಾರಕ್ಕೊಮ್ಮೆ ನಿಮ್ಮ ಪದಬಂಧದಲ್ಲಿ ನಾಲ್ಕೈದು ಸುಳಿವು ಈ ರೀತಿಯವು ಇರಲಿ. ಪೂರ್ತಿ ಬೇಡ, ಓದುಗರು ಹೆದರಿ ಪುಟ ತಿರುಗಿಸುತ್ತಾರೆ. ಮರುದಿನ ಬರೀ ಉತ್ತರ ಕೊಡದೆ ಉತ್ತರ ಹೇಗೆ ಬಂತೆಂದು ಒಂದೊಂದು ಸಾಲು ಹಾಕಿ. ತಿಂಗಳಿಗೊಂದು ಪದ ಕೊಟ್ಟು ಓದುಗರಿಂದ ಸುಳಿವು ತರಿಸಿ, ಗೆದ್ದವರ ಊರು-ಹೆಸರು ಅಚ್ಚು ಹಾಕಿ. ಪದ ಆರಿಸುವಾಗ ನಾಲ್ಕೈದು ಅಕ್ಷರದ್ದು ನೋಡಿ, ಕಟ್ಟುವವರಿಗೆ ಕೈಯಾಡಿಸಲು ಜಾಗವಿರಲಿ. ಜಾಗದ ಅಡಚಣೆ ಏನೆಂದು ಮುದ್ರಕನಾದ ನನಗೆ ಗೊತ್ತು. ರಾಶಿಭವಿಷ್ಯದ ಕೆಳಗೆ ಒಂದು ಕಾಲಂ ಅಗಲ, ಎರಡು ಇಂಚು ಉದ್ದ ಸಾಕು. ಮೊದಲ ತಿಂಗಳ ತೀರ್ಪಿಗೆ ನಮ್ಮ ವಾಡಿಯ ಕಾಕಾ ತಯಾರಿದ್ದಾರೆ. ‘ನೋಟು’ ಕಂಡರೆ ಅವರು ಬಿಡುವವರಲ್ಲ ಎಂದು ಮಾತ್ರ ಮುಂಚೆಯೇ ಓದುಗರಿಗೆ ತಿಳಿಸಿಬಿಡಿ.

ತಮ್ಮ ವಿಶ್ವಾಸಿ,
ಒಬ್ಬ ಮುದ್ರಕ, ಕಲಬುರಗಿ