ಕಲ್ಲುಕಟ್ಟೆಯ ಮೇಲಿನ ಆಸ್ಪರಾಗಸ್: ಯುವ ಲೇಖಕಿಗೊಂದು ಪತ್ರ

ಪ್ರೀತಿಯ ಗೆಳತಿ,

ಡಚ್ ಚಿತ್ರಕಾರ ಆಡ್ರಿಯಾನ್ ಕೋರ್ಟೆಯನ್ನು ಕುರಿತ ನಿನ್ನ ಹಸ್ತಪ್ರತಿಯನ್ನೂ, ಬರೆಯುವುದನ್ನೇ ಬಿಟ್ಟುಬಿಡಲೇ ಎಂದು ಕೇಳಿ ಅದರೊಡನೆ ಇಟ್ಟಿದ್ದ ಚೀಟಿಯನ್ನೂ ಓದಿದೆ. ಅಧ್ಯಾಯಗಳ ಉದ್ದ, ಪ್ರಕಾಶಕರ ವಿಳಾಸ ಮುಂತಾದ ಪ್ರಶ್ನೆಗಳಿಗೆ ಬೇರೆ ಯಾರಾದರೂ ಉತ್ತರಿಸುತ್ತಾರೆ. ನಾನು ಕೇಳಬೇಕಾದದ್ದು ಒಂದೇ: ಆ ಮನುಷ್ಯನಿಗೆ ತೀರಿಹೋದ ಹೆಂಡತಿಯೊಬ್ಬಳನ್ನು ನೀನು ಏಕೆ ಸೃಷ್ಟಿಸಿದೆ?

ಕೋರ್ಟೆಯ ಬದುಕಿನ ಬಗ್ಗೆ ಉಳಿದಿರುವ ದಾಖಲೆ ಅತ್ಯಲ್ಪ. ಸದಸ್ಯನಲ್ಲದೆ ಚಿತ್ರಗಳನ್ನು ಮಾರಿದ್ದಕ್ಕಾಗಿ ಝೀಲ್ಯಾಂಡ್ ಪ್ರಾಂತ್ಯದ ಮಿಡಲ್‌ಬರ್ಗ್ ಊರಿನ ಚಿತ್ರಕಾರರ ಸಂಘವು 1695–96ರ ಸುಮಾರಿಗೆ ಅವನಿಗೆ ದಂಡ ಹಾಕಿದ್ದು ಲೆಕ್ಕದ ಪುಸ್ತಕದಲ್ಲಿದೆ. ಮಿಕ್ಕದ್ದನ್ನು ಹೇಳಬೇಕಾದವು 1683ರಿಂದ 1707ರವರೆಗಿನ ಇಸವಿಗಳನ್ನು ಹೊತ್ತ ಅವನ ಚಿತ್ರಗಳೇ. ಆಮ್‌ಸ್ಟರ್‌ಡ್ಯಾಮಿನ ರಾಕೆಲ್ ರೌಶ್ ಅದೇ ಕಾಲದಲ್ಲಿ ಹೂಗೊಂಚಲುಗಳನ್ನು ಕ್ಯಾನ್ವಾಸಿನ ತುಂಬ ಅರಳಿಸಿ ಕೀರ್ತಿ ಗಳಿಸುತ್ತಿದ್ದಾಗ, ಇವನು ಎಷ್ಟೋ ಸಲ ಅಂಗೈಯಗಲದ ಕಾಗದದ ಮೇಲೆ ಒಂದು ಹಿಡಿ ಕಾಡು ಸ್ಟ್ರಾಬೆರಿ, ಒಂದು ಗೂಸ್‌ಬೆರಿ ಕೊಂಬೆ, ನಾಲ್ಕಾರು ಕಪ್ಪೆಚಿಪ್ಪುಗಳನ್ನಷ್ಟೇ ಬರೆಯುತ್ತಿದ್ದ; ಆ ಕಾಗದವನ್ನು ಹಲಗೆಗೋ ಬಟ್ಟೆಗೋ ಅಂಟಿಸಲಾಗುತ್ತಿತ್ತು. ಹಿಂದೆ ಕತ್ತಲು, ಕೆಳಗೆ ಬಿರುಕುಬಿಟ್ಟ ಅದೇ ಕಲ್ಲುಕಟ್ಟೆ. 1697ರಲ್ಲಿ ಬರೆದ ಆಸ್ಪರಾಗಸ್ ಕಟ್ಟು ಇಂದು ಆಮ್‌ಸ್ಟರ್‌ಡ್ಯಾಮಿನ ವಸ್ತುಸಂಗ್ರಹಾಲಯ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. ಎತ್ತರ ಸುಮಾರು 25 ಸೆಂಟಿಮೀಟರ್. ಅದೇ ತರಕಾರಿಯನ್ನು ಅವನು 1699ರಲ್ಲಿ ಮತ್ತೆ ಬರೆದ, 1703ರಲ್ಲಿ ಇನ್ನೊಮ್ಮೆ ಬರೆದ.

ಇಷ್ಟು ತಾಳ್ಮೆಯಿಂದ ನೋಡಿದವನ ಎದುರು ನೀನು ಮೂರೇ ಪುಟ ನಿಂತು, ಆಮೇಲೆ ಅವನಿಂದ ಕಣ್ಣೀರು ಹಾಕಿಸಲು ಹೊರಟೆ. ನನಗೆ ಸಿಟ್ಟು ಬಂದದ್ದು ಅಲ್ಲಿ. ಕಾಗದದ ಮೇಲೆ ಬಣ್ಣ ಒಣಗುವುದನ್ನು ವರ್ಣಿಸಿದ ಆ ಮೂರು ಪುಟಗಳಂಥ ಗದ್ಯವನ್ನು ನಿನ್ನ ವಯಸ್ಸಿನವರಿಂದ ನಾನು ಬಹಳ ಕಾಲದಿಂದ ಓದಿರಲಿಲ್ಲ. ನಿನಗೆ ಕಣ್ಣಿದೆ, ಆದರೆ ಓದುಗರು ಬೇಸರಪಟ್ಟಾರು ಎಂಬ ಭಯ ಆ ಕಣ್ಣನ್ನು ಮುಚ್ಚಿಸಿಬಿಟ್ಟಿದೆ. ಈ ಭಯವನ್ನು ಬಿತ್ತುವವರನ್ನು ನಾನು ಬಲ್ಲೆ. ನನ್ನ ಮೊದಲ ಕಾದಂಬರಿಯನ್ನು ನೋಡಿದ ಸಂಪಾದಕರೊಬ್ಬರು, ಇದರಲ್ಲಿ ಕಣ್ಣೀರು ಸಾಲದು, ಒಂದು ಸಾವನ್ನು ಸೇರಿಸಿ ಎಂದರು; ಒಪ್ಪದಿದ್ದಾಗ ತಮ್ಮ ಪತ್ರಿಕೆಯ ಬಾಗಿಲನ್ನೇ ನನಗೆ ಮುಚ್ಚಿದರು. ಆ ಕೋಪ ಇನ್ನೂ ಆರಿಲ್ಲ, ಆರಬೇಕೆಂದು ನಾನು ಬಯಸುವುದೂ ಇಲ್ಲ.

ಲಾರೆನ್ಸ್ ಬೋಲ್ ಎಂಬ ಕಲಾ ಇತಿಹಾಸಕಾರ 1958ರಲ್ಲಿ ಡೋರ್ಡ್ರೆಕ್ಟ್ ವಸ್ತುಸಂಗ್ರಹಾಲಯದಲ್ಲಿ ಕೋರ್ಟೆಯ ಚಿತ್ರಗಳನ್ನು ಒಟ್ಟುಗೂಡಿಸಿ ಪ್ರದರ್ಶಿಸುವ ಹೊತ್ತಿಗೆ ಲೋಕ ಆ ಹೆಸರನ್ನು ಮರೆತು ಎರಡೂವರೆ ಶತಮಾನವೇ ಕಳೆದಿತ್ತು. ಅವನನ್ನು ಮರಳಿ ತರಲು ಬೋಲ್ ಅವರಿಗೆ ಯಾವ ಪ್ರೇಮಕಥೆಯೂ ಬೇಕಾಗಲಿಲ್ಲ. ಚಿತ್ರ, ಸಹಿ, ಇಸವಿ ಇಷ್ಟು ಸಾಕಾಯಿತು.

ಬರೆಯುವುದನ್ನು ಬಿಡಬೇಡ. ಹೆಂಡತಿಯ ಅಧ್ಯಾಯಗಳನ್ನು ಪೂರ್ತಿಯಾಗಿ ತೆಗೆದುಹಾಕು. ದಂಡದ ಪ್ರಸಂಗವನ್ನು ನೀನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀಯೆ. ಅಲ್ಲಿ ನಿಲ್ಲು, ಆ ಸಂಘ ಯಾರನ್ನು ಒಳಗೆ ಸೇರಿಸುತ್ತಿತ್ತು, ಯಾರ ವ್ಯಾಪಾರವನ್ನು ಕಾಯುತ್ತಿತ್ತು ಎಂಬುದನ್ನು ಓದಿ ತಿಳಿದುಕೊಂಡು ಬರೆ. ಮೂರು ಆಸ್ಪರಾಗಸ್ ಚಿತ್ರಗಳಿಗೂ ಒಂದೊಂದು ಅಧ್ಯಾಯವನ್ನು ಕೊಟ್ಟು, ಮಳೆಗಾಲ ಮುಗಿಯುವುದರೊಳಗೆ ನನಗೆ ಕಳಿಸು.

ನಿನ್ನ ಹಿತೈಷಿ