ಚಿತ್ರವಿಮರ್ಶೆಗೆ ಕಿವಿಯೂ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುರವಣಿಯನ್ನು ವರ್ಷಗಳಿಂದ ತಪ್ಪದೆ ಓದುತ್ತ ಬಂದಿರುವ ನಾನು, ಮನಸ್ಸಿನ ಒಳತೋಟಿಯನ್ನು ಅಥವಾ ಲೋಕದಲ್ಲಿಲ್ಲದ ಅದ್ಭುತವನ್ನು ವಸ್ತುವಾಗಿ ಉಳ್ಳ ಚಿತ್ರಗಳ ವಿಮರ್ಶೆಗಳಲ್ಲಿ ಒಂದು ಕೊರತೆಯನ್ನು ಮತ್ತೆ ಮತ್ತೆ ಕಂಡಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಕಥೆಯ ಸಾರಾಂಶ ಇರುತ್ತದೆ, ಅಭಿನಯದ ಬಗ್ಗೆ ಎರಡು ಸಾಲು ಇರುತ್ತವೆ, ‘ತರ್ಕಕ್ಕೆ ನಿಲುಕುವುದಿಲ್ಲ’, ‘ಕ್ಲೈಮ್ಯಾಕ್ಸ್ ಅರ್ಥವಾಗುವುದಿಲ್ಲ’ ಎಂಬ ಆಕ್ಷೇಪವೂ ಇರುತ್ತದೆ. ಆದರೆ ಆ ಎರಡು ಗಂಟೆಗಳಲ್ಲಿ ನಮ್ಮ ಕಿವಿಗೆ ಏನು ಬಿತ್ತು ಎಂಬ ವಿಚಾರವೇ ಬರುವುದಿಲ್ಲ. ‘ಹಿನ್ನೆಲೆ ಸಂಗೀತ ಪೂರಕವಾಗಿದೆ’ ಎಂಬ ಸಾಲು ಇದ್ದರೂ ಅದು ಯಾವ ದೃಶ್ಯಕ್ಕೆ, ಹೇಗೆ ಪೂರಕವಾಯಿತು ಎಂಬ ವಿವರ ಸಿಗುವುದಿಲ್ಲ.

ಇಂಥ ಚಿತ್ರಗಳಲ್ಲಿ ಘಟನೆಗಳು ಬಹುಪಾಲು ನಡೆಯುವುದು ಪಾತ್ರದ ಮನಸ್ಸಿನೊಳಗೆ. ಕ್ಯಾಮೆರಾ ಮುಖದ ತನಕ ಹೋಗಬಲ್ಲದು. ಅಲ್ಲಿಂದ ಒಳಕ್ಕೆ ನಮ್ಮನ್ನು ಕರೆದೊಯ್ಯುವುದು ಬಹಳ ಸಲ ಶಬ್ದವೇ. ಸಿನಿಮಾ ಆಗಷ್ಟೇ ಮಾತು ಕಲಿಯುತ್ತಿದ್ದ 1931ರಲ್ಲಿಯೇ ಜರ್ಮನಿಯ ಫ್ರಿಟ್ಜ್ ಲಾಂಗ್ ತಮ್ಮ ಮೊದಲ ವಾಕ್ಚಿತ್ರ ‘ಎಂ’ನಲ್ಲಿ ಇದನ್ನು ತೋರಿಸಿಕೊಟ್ಟರು. ಅದಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಮಕ್ಕಳನ್ನು ಕೊಲ್ಲುವ ವ್ಯಕ್ತಿಯೊಬ್ಬ ಸಿಳ್ಳೆ ಹಾಕುವ, ನಾರ್ವೆಯ ಸಂಗೀತಗಾರ ಗ್ರೀಗ್ ಅವರ ಒಂದು ಸ್ವರಪಂಕ್ತಿ ಮಾತ್ರ ಮರುಕಳಿಸುತ್ತಿರುತ್ತದೆ. ಅವನ ಮುಖವನ್ನು ಸರಿಯಾಗಿ ನೋಡುವ ಮೊದಲೇ ನಾವು ಆ ಸಿಳ್ಳೆಯನ್ನು ಕೇಳಿರುತ್ತೇವೆ. ಒಳಗಿನ ತುಡಿತ ಅವನ ಅಂಕೆ ಮೀರಿದಾಗಲೆಲ್ಲ ಅದು ತಾನಾಗಿ ತುಟಿಗೆ ಬರುತ್ತದೆ. ಊರೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಹುಡುಕುತ್ತಿರುವಾಗ ಅವನ ಗುರುತು ಹಿಡಿಯುವವನು, ಅದೇ ಸಿಳ್ಳೆಯನ್ನು ಹಿಂದೊಮ್ಮೆ ಕೇಳಿಸಿಕೊಂಡಿದ್ದ, ಬಲೂನು ಮಾರುವ ಒಬ್ಬ ಅಂಧ.

ವಾತಾವರಣವೆಂದರೆ ಮಂಜು, ಕತ್ತಲೆ, ಪಾಳುಬಿದ್ದ ಬಂಗಲೆ ಎಂದಷ್ಟೇ ತಿಳಿಯುವ ರೂಢಿ ಇದೆ. ಜಾಕ್ ಟೂರ್ನರ್ ನಿರ್ದೇಶಿಸಿದ, 1942ರಲ್ಲಿ ಕಡಿಮೆ ಖರ್ಚಿನಲ್ಲಿ ತಯಾರಾದ ‘ಕ್ಯಾಟ್ ಪೀಪಲ್’ ಚಿತ್ರದ ಒಂದು ದೃಶ್ಯದಲ್ಲಿ ಯುವತಿಯೊಬ್ಬಳು ರಾತ್ರಿ ಒಂಟಿಯಾಗಿ ನಡೆಯುತ್ತಿದ್ದಾಳೆ, ಹಿಂದೆ ಇನ್ನೊಬ್ಬಳು ಬರುತ್ತಿದ್ದಾಳೆ. ಇಬ್ಬರ ಹೆಜ್ಜೆಗಳ ಸಪ್ಪಳ ನಮಗೆ ಬೇರೆಬೇರೆಯಾಗಿ ಕೇಳುತ್ತಿರುತ್ತದೆ. ಒಂದು ಗಳಿಗೆಯಲ್ಲಿ ಹಿಂದಿನ ಸಪ್ಪಳ ನಿಂತುಬಿಡುತ್ತದೆ. ಭಯ ಹುಟ್ಟುವುದು ಆ ನಿಲುಗಡೆಯಲ್ಲಿ. ಬಳಿಕ ಬಂದು ನಿಲ್ಲುವ ಬಸ್ಸಿನ ಬ್ರೇಕು ಬುಸ್ಸೆಂದಾಗ ಕಾಡುಮೃಗವೊಂದು ಮೈಮೇಲೆ ಎರಗಿದಂತೆ ಬೆಚ್ಚುತ್ತೇವೆ. ತೆರೆಯ ಮೇಲೆ ಮೃಗವಿಲ್ಲ. ಈಗಿನ ಎಷ್ಟೋ ಭಯಾನಕ ಚಿತ್ರಗಳು ಈ ದೃಶ್ಯದ ಕೊನೆಯ ಸದ್ದನ್ನು ಮಾತ್ರ ಎರವಲು ಪಡೆದು, ಅದಕ್ಕೆ ಮುಂಚಿನ ಮೌನವನ್ನು ಕೈಬಿಟ್ಟಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ನನ್ನ ಮಟ್ಟಿಗೆ ದೊಡ್ಡ ಪಾಠವಾದದ್ದು ಆಂದ್ರೇಯ್ ತಾರ್ಕೋವ್‌ಸ್ಕಿ ಅವರ 1979ರ ಸೋವಿಯತ್ ಚಿತ್ರ ‘ಸ್ಟಾಕರ್’. ಮೊದಲ ಸಲ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ ನೋಡಿದಾಗ, ಏನೂ ನಡೆಯುತ್ತಿಲ್ಲವೆಂದು ಅರ್ಧಕ್ಕೇ ಬಿಟ್ಟಿದ್ದೆ. ಕೆಲವು ವರ್ಷಗಳ ನಂತರ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕುಳಿತಾಗ ಅದೇ ಚಿತ್ರ ಬೇರೆಯಾಗಿತ್ತು. ಮೂವರು ಗಂಡಸರು ನಿಷೇಧಿತ ‘ವಲಯ’ದೊಳಕ್ಕೆ ಹಳಿಯ ಮೇಲೋಡುವ ಪುಟ್ಟ ಟ್ರಾಲಿಯಲ್ಲಿ ಹೋಗುತ್ತಾರೆ. ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಮಾತಿಲ್ಲ. ಕಾಣುವುದು ಅವರ ತಲೆಯ ಹಿಂಬದಿ, ಕೆನ್ನೆಯ ಓರೆ, ದಣಿದ ಕಣ್ಣು. ಕೇಳುವುದು ಹಳಿಯ ಮೇಲೆ ಗಾಲಿಗಳ ಖಟ್ ಖಟ್ ಸದ್ದು. ಸಂಗೀತ ನಿರ್ದೇಶಕ ಎಡ್ವರ್ಡ್ ಅರ್ತೆಮ್ಯೆವ್ ಆ ಸದ್ದಿನೊಳಗೇ ಎಲೆಕ್ಟ್ರಾನಿಕ್ ಸ್ವರಗಳನ್ನು ಬೆರೆಸುತ್ತ ಹೋಗುತ್ತಾರೆ. ಕಬ್ಬಿಣದ ಸದ್ದು ಯಾವ ಕ್ಷಣದಲ್ಲಿ ಕಬ್ಬಿಣದ್ದಾಗಿ ಉಳಿಯಲಿಲ್ಲವೆಂದು ಬೆರಳಿಟ್ಟು ತೋರಿಸಲು ನನಗೆ ಇಂದಿಗೂ ಆಗಿಲ್ಲ. ಆಮೇಲೆ, ಅಲ್ಲಿಯವರೆಗೆ ಕಂದು ಛಾಯೆಯಲ್ಲಿದ್ದ ತೆರೆ ಹಸಿರಾಗುತ್ತದೆ. ಗಡಿ ದಾಟಿದ್ದು ಕಣ್ಣಿಗಿಂತ ಮೊದಲೇ ಕಿವಿಗೆ ತಿಳಿದಿರುತ್ತದೆ. ಆ ವಲಯದಲ್ಲಿ ಭೂತಗಳಿಲ್ಲ, ಯಂತ್ರಮಾನವರಿಲ್ಲ, ಹುಲ್ಲು, ನೀರು, ತುಕ್ಕು ಹಿಡಿದ ಅವಶೇಷಗಳು ಅಷ್ಟೇ ಇವೆ. ಅದು ಮಾಯೆಯ ತಾಣವೆಂಬ, ಆ ಮೂವರಲ್ಲೊಬ್ಬನಾದ ಮಾರ್ಗದರ್ಶಿಯ ಮಾತನ್ನು ನಾವು ನಂಬುವುದಕ್ಕೆ ಆ ಟ್ರಾಲಿಯ ಪ್ರಯಾಣ ನಮ್ಮನ್ನು ಹದಗೊಳಿಸಿರುತ್ತದೆ. ಕಥೆಯ ಸಾರಾಂಶದಲ್ಲಿ ಈ ಪ್ರಯಾಣ ‘ಮೂವರೂ ವಲಯವನ್ನು ತಲುಪುತ್ತಾರೆ’ ಎಂಬ ಒಂದು ಸಾಲಿಗಿಳಿದುಬಿಡುತ್ತದೆ.

ಇನ್ನು ಸಂಕೇತಗಳ ವಿಚಾರ. ‘ಧ್ವನಿ’ ಎಂಬ ಒಂದೇ ಪದ ನಮ್ಮಲ್ಲಿ ಸದ್ದಿಗೂ ಸಲ್ಲುತ್ತದೆ, ಹೇಳದೆ ಹೊಳೆಯಿಸುವ ಅರ್ಥಕ್ಕೂ ಸಲ್ಲುತ್ತದೆ. 9ನೆಯ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ಧ್ವನಿ ಸಿದ್ಧಾಂತವನ್ನು ವಿವರಿಸುವವರು ಗಂಟೆಯ ಅನುರಣನದ ಹೋಲಿಕೆಯನ್ನು ಕೊಡುತ್ತಾರೆ. ಬಡಿತ ನಿಂತ ಮೇಲೂ ಉಳಿಯುವ ಆ ನಾದದಂತೆ ಅರ್ಥವೂ ಉಳಿಯುತ್ತದೆ. ಕವಿತೆ ವಾಚ್ಯವಾಯಿತೆಂದು, ಅಂದರೆ ಎಲ್ಲವನ್ನೂ ಬಿಡಿಸಿ ಹೇಳಿಬಿಟ್ಟಿತೆಂದು, ಆಕ್ಷೇಪಿಸುವ ಪರಂಪರೆ ನಮ್ಮ ವಿಮರ್ಶೆಯಲ್ಲಿರುವಾಗ, ಸಿನಿಮಾ ವಾಚ್ಯವಾಗಲಿಲ್ಲವೆಂದು ದೂರುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಹಿಚ್‌ಕಾಕ್ ಅವರ 1963ರ ‘ದಿ ಬರ್ಡ್ಸ್’ನಲ್ಲಿ ಹಕ್ಕಿಗಳು ಮನುಷ್ಯರ ಮೇಲೆ ಏಕೆ ಎರಗುತ್ತವೆಂಬ ಪ್ರಶ್ನೆಗೆ ಕೊನೆಯವರೆಗೂ ಉತ್ತರವಿಲ್ಲ. ಅದರಲ್ಲಿಯೂ ಹಿನ್ನೆಲೆ ಸಂಗೀತವಿಲ್ಲ. ಓಸ್ಕರ್ ಸಾಲಾ, ರೆಮಿ ಗಾಸ್‌ಮನ್ ಅವರು ಟ್ರೌಟೋನಿಯಂ ಎಂಬ ವಿದ್ಯುತ್ ವಾದ್ಯದಲ್ಲಿ ಹುಟ್ಟಿಸಿದ ಕೂಗು, ರೆಕ್ಕೆಬಡಿತಗಳಿವೆ. ಶಾಲೆಯೊಳಗೆ ಮಕ್ಕಳು ಒಂದು ಹಾಡನ್ನು ಹಾಡುತ್ತಲೇ ಇರುತ್ತಾರೆ, ಹೊರಗೆ ಕುಳಿತವಳ ಬೆನ್ನ ಹಿಂದೆ ಕಾಗೆಗಳು ಒಂದೊಂದಾಗಿ ಬಂದು ಸೇರುತ್ತವೆ. ಆ ಕಾಗೆಗಳು ಇಂಥದ್ದರ ಸಂಕೇತವೆಂದು ಬರೆದು ಮುಗಿಸಿದರೆ, ಹಾಡು ಉದ್ದವಾದಷ್ಟೂ ನಮ್ಮ ಎದೆ ಬಿಗಿಯುತ್ತ ಹೋದದ್ದು ಲೆಕ್ಕಕ್ಕೇ ಬರುವುದಿಲ್ಲ.

ಅರ್ಥ ಹೇಳಲೇಬಾರದೆಂದು ನನ್ನ ವಾದವಲ್ಲ. ಗಿಯೆರ್ಮೊ ದೆಲ್ ತೋರೊ ಅವರ ‘ಪ್ಯಾನ್ಸ್ ಲ್ಯಾಬಿರಿಂತ್’ (2006) 1944ರ ಸ್ಪೇನಿನಲ್ಲಿ ನಡೆಯುವ ಕಥೆ. ಅದರಲ್ಲಿನ ಕ್ರೂರ ಸೇನಾಧಿಕಾರಿಯ ಬಳಿ, ತಾನು ಸತ್ತ ಗಳಿಗೆ ಮಗನಿಗೆ ತಿಳಿಯಲೆಂದು ತಂದೆ ಒಡೆದಿಟ್ಟ ಗಡಿಯಾರವಿದೆ. ಅದು ಇದೆಯೆಂದು ಅವನು ಇತರರ ಮುಂದೆ ಒಪ್ಪುವುದಿಲ್ಲ. ಒಬ್ಬನೇ ಇದ್ದಾಗ ಅದನ್ನು ಜತನದಿಂದ ನೋಡಿಕೊಳ್ಳುತ್ತಾನೆ. ಈ ಗಡಿಯಾರವನ್ನು ಕಾಲದ ಸಂಕೇತವೆಂದರೆ ತಪ್ಪಾಗದು, ಆದರೆ ಸಾಲದು. ಅವನು ಅದನ್ನು ಹೇಗೆ ಹಿಡಿಯುತ್ತಾನೆ, ಯಾರಿಂದ ಬಚ್ಚಿಡುತ್ತಾನೆ, ಕೊನೆಯಲ್ಲಿ ತನ್ನ ಮಗನಿಗಾಗಿ ಅದೇ ಮಾತನ್ನು ಬಿಟ್ಟುಹೋಗಲು ಯತ್ನಿಸಿದಾಗ ಏನಾಗುತ್ತದೆ ಎಂಬುದನ್ನು ಸೇರಿಸಿ ಬರೆದಾಗ ಸಂಕೇತಕ್ಕೆ ಜೀವ ಬರುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಿರ್ದೇಶಕರು, ನಟರು, ಛಾಯಾಗ್ರಾಹಕರ ಹೆಸರುಗಳ ಜೊತೆಗೆ ಶಬ್ದ ವಿನ್ಯಾಸ ಮಾಡಿದವರ ಹೆಸರನ್ನೂ ದಯವಿಟ್ಟು ಅಚ್ಚು ಮಾಡಿ. ವಿಮರ್ಶಕರು ಚಿತ್ರವನ್ನು ಚಿತ್ರಮಂದಿರದಲ್ಲಿ ನೋಡಿದರೋ ಫೋನಿನಲ್ಲಿ ನೋಡಿದರೋ ಎಂಬುದನ್ನು ತಿಳಿಸಲಿ. ಫೋನಿನ ಸ್ಪೀಕರಿನಲ್ಲಿ ತಗ್ಗಿನ ಗುಂಯ್‌ಗುಡುವಿಕೆ ಕೇಳುವುದೇ ಇಲ್ಲವಾದ್ದರಿಂದ ಓದುಗರಿಗೆ ಈ ಮಾಹಿತಿ ಬೇಕು. ಪುರವಣಿಯಲ್ಲಿ ಆಗಾಗ ಒಂದು ದೃಶ್ಯವನ್ನು ಮಾತ್ರ ಆಯ್ದು, ಅದರಲ್ಲಿ ಕೇಳುವುದನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುವ ಬರಹವೊಂದು ಬಂದರೆ, ನಾನು ಅದನ್ನು ಕತ್ತರಿಸಿಟ್ಟುಕೊಂಡು ಆ ಚಿತ್ರವನ್ನು ಮತ್ತೆ ನೋಡುತ್ತೇನೆ.

ವಂದನೆಗಳೊಂದಿಗೆ,
ನಿಮ್ಮ ಓದುಗರಲ್ಲೊಬ್ಬ